ಹವಳದ ದಿಬ್ಬದ ನಾಡಿ ಹಿಡಿಯುವವರು ಯಾರು?

ಮಲೆನಾಡಿನ ಹಳೆಯ ಅಡಿಕೆ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇಡುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅಂಗಳದ ಮಳೆಮಾಪಕದಲ್ಲಿ ಬೆಳಿಗ್ಗೆ ಕಂಡಷ್ಟನ್ನು ಬರೆದಿಡುವುದು, ಪಕ್ಕದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಿದ ದಿನವನ್ನೂ ಕೊಳೆರೋಗ ಕಾಣಿಸಿದ ದಿನವನ್ನೂ ಗುರುತಿಸುವುದು ಈ ರೂಢಿಯ ಕ್ರಮ. ಒಂದು ವರ್ಷದ ಲೆಕ್ಕ ಯಾವುದನ್ನೂ ಹೇಳುವುದಿಲ್ಲ. ಆದರೆ ಅಜ್ಜ ಆರಂಭಿಸಿ, ಮಗ ಮುಂದುವರಿಸಿ, ಮೊಮ್ಮಗಳು ಕೈಗೆತ್ತಿಕೊಂಡ ಪುಸ್ತಕವು ಊರಿನ ಹವಾಮಾನದ ಬಗೆಗೆ ಯಾವ ಭಾಷಣಕ್ಕಿಂತಲೂ ಖಚಿತವಾಗಿ ಮಾತನಾಡಬಲ್ಲದು.

ಇಂಥದೇ ಒಂದು ಲೆಕ್ಕದ ಪುಸ್ತಕ ಸಹ್ಯಾದ್ರಿಯ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ, ಲಕ್ಷದ್ವೀಪದಲ್ಲಿ ಎರಡು ದಶಕಗಳಿಗೂ ಮೀರಿ ಬರೆಯಲ್ಪಟ್ಟಿದೆ. ಅಲ್ಲಿ ಅಳೆಯುತ್ತಿರುವುದು ಮಳೆಯನ್ನಲ್ಲ, ನೀರಿನೊಳಗಿನ ಹವಳದ ದಿಬ್ಬಗಳನ್ನು ಮತ್ತು ಅವುಗಳ ಆಸರೆಯಲ್ಲಿ ಬಾಳುವ ಮೀನುಗಳನ್ನು. ಆ ಪುಸ್ತಕ ಹೇಳುವ ಸಂಗತಿ ಕಳವಳಕಾರಿಯಾದುದು. ಅದನ್ನು ಘಟ್ಟದ ಮೇಲಿನವರೂ ಓದಿ ಅರಿಯಬೇಕಾದ ಅಗತ್ಯವಿದೆ.

ಲಕ್ಷದ್ವೀಪ ಕನ್ನಡ ನಾಡಿಗೆ ತೀರ ಪರಕೀಯವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರ ನಂತರ ಬ್ರಿಟಿಷರ ವಶವಾಗಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಆಡಳಿತದ ನಂಟು ಕಡಿದರೂ ಕಡಲಿನ ನಂಟು ಕಡಿದಿಲ್ಲ. ಮಲೆನಾಡಿಗೆ ಮುಂಗಾರನ್ನು ಹೊತ್ತು ತರುವುದು ಇದೇ ಅರಬ್ಬೀ ಸಮುದ್ರ. 2017ರಲ್ಲಿ ಒಖಿ ಚಂಡಮಾರುತ ಲಕ್ಷದ್ವೀಪವನ್ನು ಅಪ್ಪಳಿಸಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಅದೇ ದ್ವೀಪಗಳ ಬಳಿ ರೂಪುಗೊಂಡು ಕರ್ನಾಟಕದ ಕರಾವಳಿ ಮತ್ತು ಘಟ್ಟಗಳಲ್ಲಿ ಭಾರಿ ಮಳೆ ಸುರಿಸಿತು. ಹವಳವನ್ನು ಕಾಡುತ್ತಿರುವುದೂ ಆ ಚಂಡಮಾರುತಗಳಿಗೆ ಕಸುವು ನೀಡಿದ್ದೂ ಒಂದೇ ಸಮುದ್ರದ ಬಿಸಿ.

ಕಲ್ಲಲ್ಲ, ಜೀವ

ಹವಳವನ್ನು ಅನೇಕರು ಕಲ್ಲೆಂದೋ ಗಿಡವೆಂದೋ ತಿಳಿಯುತ್ತಾರೆ. ವಾಸ್ತವವಾಗಿ ಅದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ವಸಾಹತು. ಪ್ರತಿಯೊಂದು ಪಾಲಿಪ್ ಕಡಲಿನ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಆತಿಥೇಯ ಪ್ರಾಣಿಗೆ ಕೊಡುತ್ತವೆ. ದ್ವಿದಳ ಧಾನ್ಯದ ಬೇರುಗಂಟಿನಲ್ಲಿ ನೆಲೆಸಿ ಸಾರಜನಕ ಒದಗಿಸುವ ಸೂಕ್ಷ್ಮಜೀವಿಗಳನ್ನು ಬಲ್ಲ ಕೃಷಿಕರಿಗೆ ಈ ಸಹಜೀವನ ಹೊಸದೆನಿಸದು. ಹವಳಕ್ಕೆ ಬಣ್ಣ ಕೊಡುವುದೂ ಹೆಚ್ಚಾಗಿ ಈ ಪಾಚಿಗಳೇ.

ಬೇಸಿಗೆಯಲ್ಲಿ ಆ ಕಡಲಿಗೆ ರೂಢಿಯಾದ ಗರಿಷ್ಠ ಉಷ್ಣತೆಗಿಂತ ಕೇವಲ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ ಸಾಕು, ಈ ಸಂಬಂಧ ಮುರಿಯುತ್ತದೆ. ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಕಳೆದು ಬಿಳಿಯ ಸುಣ್ಣದ ಅಸ್ಥಿ ಎದ್ದು ಕಾಣುತ್ತದೆ. ಇದನ್ನೇ ಬಿಳಿಚಿಕೊಳ್ಳುವಿಕೆ ಎನ್ನುತ್ತಾರೆ. ಬಿಳಿಚಿಕೊಂಡ ಹವಳ ಕೂಡಲೇ ಸತ್ತಿರುವುದಿಲ್ಲ, ಅದು ಹಸಿದಿರುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಸಾಯುತ್ತದೆ.

ಕಡಲತಳದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು, ಬಲ್ಲ ಕಡಲಜೀವಿ ಪ್ರಭೇದಗಳ ಪೈಕಿ ಸುಮಾರು ಕಾಲು ಭಾಗಕ್ಕೆ ಆಸರೆಯಾಗಿವೆ. ಲಕ್ಷದ್ವೀಪಕ್ಕಂತೂ ಅವೇ ನೆಲ. ಸುಮಾರು 32 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪಸಮೂಹದಲ್ಲಿ 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನರಿದ್ದರು. ದ್ವೀಪದ ಮರಳು ಹವಳದ ಪುಡಿ. ಅಲೆಗಳ ಹೊಡೆತ ತಡೆಯುವ ಗೋಡೆಯೂ ಹವಳದ ದಿಬ್ಬವೇ. ಬಂಗಾರಂ ಹವಳವಲಯದ ಪರಳಿ–1 ಎಂಬ ನಿರ್ಜನ ದ್ವೀಪ ಪೂರ್ಣವಾಗಿ ಕೊಚ್ಚಿಹೋಗಿದೆ ಎಂಬ ವರದಿ 2017ರಲ್ಲಿ ಬಂದಿತು. ಕಡಲು ತಿಂದ ನೆಲವನ್ನು ಮತ್ತೆ ಕಟ್ಟಬಲ್ಲ ಏಕೈಕ ಮೇಸ್ತ್ರಿಯೆಂದರೆ ಜೀವಂತ ಹವಳ.

ಇಪ್ಪತ್ನಾಲ್ಕು ವರ್ಷದ ಲೆಕ್ಕ

1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳು ಭಾರಿ ಪ್ರಮಾಣದಲ್ಲಿ ಬಿಳಿಚಿಕೊಂಡವು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು 1998ರಿಂದ ಅಗತ್ತಿ, ಕಡಮತ್ ಮತ್ತು ಕವರತ್ತಿ ದ್ವೀಪಗಳ ದಿಬ್ಬಗಳಿಗೆ ಮತ್ತೆ ಮತ್ತೆ ಮರಳಿ ಅಳತೆ ಮಾಡಿದರು. 1998ರಲ್ಲಿ ದಿಬ್ಬದ ಮೇಲ್ಮೈಯ ಸುಮಾರು ಶೇಕಡ 37ರಷ್ಟು ಭಾಗದಲ್ಲಿದ್ದ ಜೀವಂತ ಹವಳ, 24 ವರ್ಷಗಳ ಬಳಿಕ ಶೇಕಡ 19ರ ಆಸುಪಾಸಿಗೆ ಇಳಿದಿತ್ತು. ಅಂದರೆ ಒಂದು ತಲೆಮಾರಿನೊಳಗೆ ಹತ್ತಿರ ಹತ್ತಿರ ಅರ್ಧದಷ್ಟು ನಷ್ಟ.

ಈ ಒಟ್ಟು ಅಂಕಿಗಿಂತಲೂ ಮುಖ್ಯವಾದ ಎರಡು ಸಂಗತಿಗಳು ಆ ಲೆಕ್ಕದಲ್ಲಿವೆ. ಒಂದು: ಪ್ರತಿ ಹೊಸ ಬಿಸಿ ಅಲೆಯಲ್ಲಿ ಸತ್ತ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದಿತು. ಇದನ್ನಷ್ಟೇ ನೋಡಿದವರು ಹವಳ ಬಿಸಿಗೆ ಒಗ್ಗುತ್ತಿದೆಯೆಂದು ನಿಟ್ಟುಸಿರು ಬಿಡಬಹುದು. ಎರಡು: ಚೇತರಿಕೆಯ ವೇಗವೂ ಪ್ರತಿ ಸಲ ಕುಗ್ಗುತ್ತ ಹೋಯಿತು. ಬಿಳಿಚಿಕೊಳ್ಳದೆ ಸುಮಾರು ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ಗಣನೀಯವಾಗಿ ಚುರುಕಾಗುತ್ತದೆ ಎಂದು ಅಧ್ಯಯನ ತೋರಿಸಿತು. ಬಿಸಿಗೆ ಬೇಗ ಸಾಯುವಂಥವು ಮೊದಲೇ ಸತ್ತುಹೋಗಿದ್ದರೆ ಸಾಯುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಅದು ಆರೋಗ್ಯದ ಲಕ್ಷಣವಾಗಲಾರದು.

ಈಗ ಈ ಆರು ವರ್ಷಗಳ ಬಿಡುವನ್ನು ಜಗತ್ತಿನ ಲೆಕ್ಕದೊಂದಿಗೆ ಹೋಲಿಸಬೇಕು. 1980ರ ದಶಕದ ಆರಂಭದಲ್ಲಿ ಒಂದು ಹವಳದ ದಿಬ್ಬ 25–30 ವರ್ಷಗಳಿಗೊಮ್ಮೆ ತೀವ್ರವಾಗಿ ಬಿಳಿಚಿಕೊಳ್ಳುತ್ತಿದ್ದ ಅಂದಾಜಿದ್ದರೆ, 2016ರ ಹೊತ್ತಿಗೆ ಆ ಅಂತರ ಸರಾಸರಿ ಆರು ವರ್ಷಗಳಿಗೆ ಇಳಿದಿತ್ತು ಎಂದು 2018ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆ ತಿಳಿಸಿತು. ಹವಳಕ್ಕೆ ಬೇಕಾದ ಬಿಡುವು, ಕಡಲು ಕೊಡುತ್ತಿರುವ ಬಿಡುವು ಎರಡೂ ಅಂಚಿಗೆ ಬಂದು ನಿಂತಿವೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚಿಕೊಳ್ಳುವಿಕೆ ಘೋಷಣೆಯಾಯಿತು. ಮರುತಿಂಗಳೇ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಲಕ್ಷದ್ವೀಪದ ಹವಳಗಳು ತೀವ್ರವಾಗಿ ಬಿಳಿಚಿಕೊಂಡಿವೆಯೆಂದು ವರದಿ ಮಾಡಿತು. 1998ರ ಪುಟ ಇಲ್ಲದಿದ್ದರೆ 2024ರ ಪುಟಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಎಣಿಕೆಯ ಕ್ರಮ

ಈ ಎಣಿಕೆಯ ವಿಧಾನ ಸರಳವಾದುದು, ವಿದ್ಯಾರ್ಥಿಗಳಿಗೆ ಸುಲಭವಾಗಿ ಅರ್ಥವಾಗುವಂಥದು. ಮುಳುಗುಗಾರರು ದಿಬ್ಬದ ಮೇಲೆ ನಿಗದಿತ ಆಳದಲ್ಲಿ ಅಳತೆಪಟ್ಟಿಯನ್ನು ಹಾಸುತ್ತಾರೆ. ಪಟ್ಟಿಯ ಕೆಳಗೆ ಎಷ್ಟು ಉದ್ದದಲ್ಲಿ ಜೀವಂತ ಹವಳವಿದೆ, ಎಷ್ಟರಲ್ಲಿ ಸತ್ತ ಹವಳ, ಪಾಚಿ, ಚೂರುಕಲ್ಲು, ಮರಳು ಇವೆ ಎಂದು ನೀರಿನಲ್ಲೂ ಬರೆಯಬಹುದಾದ ಹಲಗೆಯ ಮೇಲೆ ಗುರುತಿಸುತ್ತಾರೆ. ಮೀನುಗಳಿಗಾಗಿ ಪಟ್ಟಿಯ ಎರಡೂ ಬದಿಗೆ ಕೆಲವು ಮೀಟರ್ ಅಗಲದ ಓಣಿಯನ್ನು ಕಲ್ಪಿಸಿಕೊಂಡು, ಬೆದರಿದ ಮೀನು ಮರಳುವವರೆಗೆ ಕಾದು, ನಿಧಾನವಾಗಿ ಈಜುತ್ತ, ಯಾವ ಜಾತಿಯವು ಎಷ್ಟು, ಎಷ್ಟು ಉದ್ದದವು ಎಂದು ಬರೆಯುತ್ತಾರೆ. ಉದ್ದದಿಂದ ತೂಕವನ್ನು ಅಂದಾಜು ಮಾಡಬಹುದು. ಭತ್ತದ ಗದ್ದೆಯಲ್ಲಿ ಓರೆಯಾಗಿ ನಡೆದು, ಬುಡಕ್ಕೆ ಎಷ್ಟು ಕಂದು ಜಿಗಿಹುಳುಗಳಿವೆ ಎಂದು ಎಣಿಸಿದ ಬಳಿಕವೇ ಔಷಧಿಯ ಮಾತೆತ್ತುವ ವಿವೇಕಿ ರೈತನ ಕ್ರಮವೂ ಇದೇ ಬಗೆಯದು.

ಹವಳದ ಜೊತೆಗೆ ಮೀನನ್ನೂ ಏಕೆ ಎಣಿಸಬೇಕು? ಪ್ರತಿಯೊಂದು ಮೀನಿನ ಗುಂಪಿಗೂ ದಿಬ್ಬದಲ್ಲಿ ಒಂದೊಂದು ಕೆಲಸವಿದೆ. ಗಿಳಿಮೀನು ಮತ್ತು ಸರ್ಜನ್ ಮೀನುಗಳು ಪಾಚಿಯನ್ನು ಮೇಯುತ್ತವೆ. ತೋಟದಲ್ಲಿ ಕಳೆ ತೆಗೆದಂತೆ, ಎಳೆಯ ಹವಳ ಊರಿಕೊಳ್ಳಲು ಅವು ಜಾಗ ಮಾಡಿಕೊಡುತ್ತವೆ. ಚಿಟ್ಟೆಮೀನುಗಳಲ್ಲಿ ಕೆಲವು ಜಾತಿಗಳು ಜೀವಂತ ಹವಳವನ್ನೇ ತಿಂದು ಬದುಕುವುದರಿಂದ ಹವಳ ಕುಗ್ಗಿದರೆ ಅವೂ ಕುಗ್ಗುತ್ತವೆ. ಕರಾವಳಿಯವರು ಮುರು ಎಂದು ಕರೆಯುವ ದೊಡ್ಡ ಬೇಟೆಗಾರ ಮೀನುಗಳು ನಿಧಾನವಾಗಿ ಬೆಳೆಯುವಂಥವು. ಬಲೆ, ಗಾಳಗಳ ಒತ್ತಡ ಹೆಚ್ಚಿದಾಗ ಮೊದಲು ಮಾಯವಾಗುವುದು ಅವೇ.

ಈ ಲೆಕ್ಕವನ್ನು ಕಡೆಗಣಿಸಿದ ಫಲವನ್ನು ಕೆರಿಬಿಯನ್ ಸಮುದ್ರದ ಜಮೈಕಾ ಉಂಡಿದೆ. ಅಲ್ಲಿ ಪಾಚಿ ಮೇಯುವ ಮೀನುಗಳನ್ನು ದಶಕಗಳ ಕಾಲ ಅತಿಯಾಗಿ ಹಿಡಿಯಲಾಗಿತ್ತು. ಆದರೂ ಹವಳ ಸೊಂಪಾಗಿಯೇ ಕಾಣುತ್ತಿತ್ತು. ಮೀನಿನ ಬದಲು ಕಪ್ಪು ಮುಳ್ಳಿನ ಕಡಲ ಮುಳ್ಳುಚೆಂಡುಗಳು ಪಾಚಿಯನ್ನು ಮೇಯುತ್ತಿದ್ದುದೇ ಕಾರಣ. 1980ರಲ್ಲಿ ಆಲನ್ ಚಂಡಮಾರುತ ಹವಳವನ್ನು ಮುರಿದು ಹಾಕಿತು. 1983–84ರಲ್ಲಿ ರೋಗವೊಂದು ಕೆರಿಬಿಯನ್‌ನ ಮುಳ್ಳುಚೆಂಡುಗಳನ್ನು ಬಹುತೇಕ ಅಳಿಸಿಹಾಕಿತು. ಮೇಯುವವರೇ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಶೇಕಡ 50ಕ್ಕೂ ಹೆಚ್ಚಿದ್ದ ಹವಳ, 1990ರ ದಶಕದ ಆರಂಭಕ್ಕೆ ಶೇಕಡ 5ಕ್ಕಿಂತ ಕೆಳಗಿಳಿದು, ಆ ಜಾಗವನ್ನು ಪಾಚಿ ಆವರಿಸಿತು. ಹವಳವನ್ನಷ್ಟೇ ಅಳೆದವರಿಗೆ 1979ರಲ್ಲಿ ಎಲ್ಲವೂ ಕ್ಷೇಮವೆಂದೇ ತೋರಿರುತ್ತಿತ್ತು. ಅಪಾಯದ ಸುಳಿವು ಇದ್ದುದು ಮೀನಿನ ಲೆಕ್ಕದಲ್ಲಿ.

ಲಕ್ಷದ್ವೀಪದ ಭಾಗ್ಯವೆಂದರೆ ಅಲ್ಲಿನ ಮೀನುಗಾರಿಕೆಯ ಸಂಪ್ರದಾಯ. ದ್ವೀಪದ ಜನ ತಲೆಮಾರುಗಳಿಂದ ಹೊರಗಡಲಿನ ಟ್ಯೂನಾವನ್ನು ಕೋಲು–ಗಾಳದಿಂದ ಒಂದೊಂದಾಗಿ ಹಿಡಿಯುತ್ತ ಬಂದರು. ಇದರಿಂದ ದಿಬ್ಬದ ಮೀನುಗಳ ಮೇಲಿನ ಒತ್ತಡ ಕಡಿಮೆಯಾಗಿ, ಪಾಚಿ ಮೇಯುವವು ಉಳಿದುಕೊಂಡವು. 1998ರ ಆಘಾತದಿಂದ ಅನೇಕ ದಿಬ್ಬಗಳು ಚೇತರಿಸಿಕೊಂಡುದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಟ್ಯೂನಾವನ್ನು ಆಕರ್ಷಿಸಲು ಬೇಕಾದ ಜೀವಂತ ಎರೆಮೀನು ಸಿಗುವುದೂ ಲಗೂನು ಮತ್ತು ಹವಳದ ನಡುವಿನಿಂದಲೇ. ಹೀಗಾಗಿ ಹೊರಗಡಲಿನ ದುಡಿಮೆಯ ಬೇರೂ ಹವಳದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆಗಾಗಿ ದಿಬ್ಬದ ಮೀನು ಹಿಡಿಯುವುದು ಹೆಚ್ಚಿದೆ. ಬಿತ್ರಾದ ಬಳಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಸಂತಾನಕ್ಕಾಗಿ ಒಂದೆಡೆ ನೆರೆಯುವ ಮುರು ಮೀನುಗಳಂಥವು ಇದರಿಂದ ಸುಲಭದ ತುತ್ತಾಗುತ್ತವೆ. ಮದುವೆಮನೆಗೆ ನೆರೆದವರನ್ನು ಮುತ್ತಿಗೆ ಹಾಕಿದರೆ ಊರಿಗೆ ಊರೇ ಬರಿದಾಗುತ್ತದೆ.

ಲೆಕ್ಕ ಇಟ್ಟರೆ ಸಾವು ತಪ್ಪುವುದೇ?

ಇಲ್ಲೊಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಡಲನ್ನು ಕಾಯಿಸುತ್ತಿರುವುದು ಇಡೀ ಜಗತ್ತಿನ ಕಲ್ಲಿದ್ದಲು, ತೈಲಗಳ ಹೊಗೆ. ಮುಳುಗುಗಾರರು ಎಷ್ಟು ಎಣಿಸಿದರೂ ನೀರು ತಂಪಾಗದು. ರೋಗಿ ನರಳುತ್ತಿರುವಾಗ ನಾಡಿ ಹಿಡಿದೇ ಕುಳಿತ ವೈದ್ಯನಿಂದ ಏನು ಪ್ರಯೋಜನ ಎಂದು ದ್ವೀಪದ ಮೀನುಗಾರ ಕೇಳಿದರೆ ತಪ್ಪೇನಿಲ್ಲ. ಸಮೀಕ್ಷೆಯ ಮೇಲೆ ಸಮೀಕ್ಷೆ ನಡೆಸಿ ಕ್ರಮವನ್ನು ಮುಂದೂಡುವ ಸರ್ಕಾರಿ ಜಾಣತನವನ್ನು ಮಲೆನಾಡಿಗರೂ ಬಲ್ಲರು.

ಆದರೆ ನಾಡಿ ನೋಡದ ವೈದ್ಯ ಕೊಡುವ ಮದ್ದು ಇನ್ನೂ ಅಪಾಯಕಾರಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1980ರ ದಶಕದ ಮಧ್ಯದಿಂದ ಎಣಿಕೆ ನಡೆದಿದೆ. 1985ರಲ್ಲಿ ಶೇಕಡ 28ರಷ್ಟಿದ್ದ ಹವಳ 2012ಕ್ಕೆ ಶೇಕಡ 13.8ಕ್ಕೆ ಇಳಿದುದನ್ನು ಆ ಲೆಕ್ಕ ತೋರಿಸಿತು. ಅಷ್ಟೇ ಅಲ್ಲ, ನಷ್ಟದ ಶೇಕಡ 48 ಪಾಲು ಚಂಡಮಾರುತದಿಂದ, ಶೇಕಡ 42 ಪಾಲು ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನಿಂದ, ಶೇಕಡ 10 ಪಾಲು ಬಿಳಿಚಿಕೊಳ್ಳುವಿಕೆಯಿಂದ ಎಂದು ಬಿಡಿಸಿ ಹೇಳಿತು. ಚಂಡಮಾರುತವನ್ನು ಯಾರೂ ತಡೆಯಲಾರರು. ನಕ್ಷತ್ರಮೀನನ್ನು ಕೈಯಿಂದಲೇ ನಿಯಂತ್ರಿಸಬಹುದು, ಆ ಕೆಲಸ ಅಲ್ಲಿ ನಡೆಯುತ್ತಲೂ ಇದೆ. ಯಾವುದು ಕೈಗೆ ನಿಲುಕುತ್ತದೆ, ಯಾವುದು ನಿಲುಕದು ಎಂಬ ವಿವೇಚನೆ ಲೆಕ್ಕದಿಂದಲೇ ಬರಬೇಕು.

ಒಂದೆರಡು ವರ್ಷದ ಅಂಕಿ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೂ ಅದೇ ಸಾಕ್ಷಿ. 2022ರಲ್ಲಿ ಆ ದಿಬ್ಬಸಾಲಿನ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹವಳದ ಹೊದಿಕೆ 36 ವರ್ಷಗಳ ದಾಖಲೆಯಲ್ಲೇ ಅತಿ ಹೆಚ್ಚು ಎಂದು ವರದಿಯಾದಾಗ, ಅಪಾಯ ಕಳೆಯಿತೆಂದು ಸಂಭ್ರಮಿಸಿದವರಿದ್ದರು. ಏರಿಕೆಯ ಬಹುಭಾಗ ಬೇಗ ಬೆಳೆದು ಬೇಗ ಬೀಳುವ ಕೊಂಬೆಹವಳಗಳದ್ದು ಎಂದು ವಿಜ್ಞಾನಿಗಳು ಎಚ್ಚರಿಸಿದ್ದರು. 2024ರ ಬಿಸಿಯ ನಂತರ, 2025ರ ವರದಿಯಂತೆ, ಉತ್ತರದಲ್ಲಿ ಹವಳ ಶೇಕಡ 39.8ರಿಂದ 30ಕ್ಕೆ, ದಕ್ಷಿಣದಲ್ಲಿ ಶೇಕಡ 38.9ರಿಂದ 26.9ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಆ ಭಾಗಗಳು ಕಂಡ ಅತಿ ದೊಡ್ಡ ಕುಸಿತ ಅದು. 2022ರಲ್ಲಿ ಒಂದು ಸಲ ಮುಳುಗಿ ಎದ್ದು ‘ಎಲ್ಲವೂ ಕ್ಷೇಮ’ ಎಂದು ಪ್ರಮಾಣಪತ್ರ ಬರೆದವನು ಸುಳ್ಳು ಬರೆದಿರುವುದಿಲ್ಲ, ಆದರೂ ಅದು ಸತ್ಯವಾಗಿರುವುದಿಲ್ಲ.

ಯೋಜನೆಗಳ ಪರಿಸರ ಪರಿಣಾಮ ವರದಿಗಳ ದೋಷ ಇರುವುದು ಇಲ್ಲಿಯೇ. ಅಣೆಕಟ್ಟು, ಗಣಿಗಳ ಹೆಸರಿನಲ್ಲಿ ಒಂದೆರಡು ಋತುಗಳ ಓಡಾಟದಲ್ಲೇ ಒಂದು ಕಣಿವೆಯ ಜೀವಸಂಪತ್ತನ್ನು ಪಟ್ಟಿಮಾಡಿ ಮುಗಿಸುವ ವರದಿಗಳನ್ನು ಪಶ್ಚಿಮಘಟ್ಟ ಸಾಕಷ್ಟು ಕಂಡಿದೆ. ಲಗೂನಿನ ಮೇಲೆ ಪ್ರವಾಸಿಗರಿಗೆ ವಸತಿ ಕಟ್ಟುವ, ಹೂಳೆತ್ತಿ ದೋಣಿದಾರಿ ಆಳಗೊಳಿಸುವ ಪ್ರಸ್ತಾಪಗಳು ಲಕ್ಷದ್ವೀಪದ ಮುಂದಿರುವಾಗ, ಅಂಥ ವರದಿಯನ್ನು ನೆಚ್ಚಿ ತೀರ್ಮಾನ ಕೈಗೊಳ್ಳುವುದು ವಿಜ್ಞಾನವಲ್ಲ. ಕದಡಿದ ಹೂಳು ಹವಳದ ಮೇಲೆ ಕುಳಿತರೆ ಬೆಳಕು ತಪ್ಪುತ್ತದೆ, ಪಾಲಿಪ್ ಉಸಿರುಗಟ್ಟುತ್ತದೆ. ಕಡಲು ಕಾಯುವುದನ್ನು ದ್ವೀಪದವರು ತಡೆಯಲಾರರು. ಆದರೆ ಬಿಸಿಯಿಂದ ಬಳಲಿದ ಹವಳದ ಮೇಲೆ ಹೂಳು, ಕೊಳಚೆ, ಅತಿಬೇಟೆಗಳ ಹೊರೆ ಹೇರದಿರುವುದು ಮನುಷ್ಯರ ಕೈಯಲ್ಲಿದೆ. ಚೇತರಿಕೆಗೆ ಆರು ವರ್ಷ ಬೇಕೆಂದು ಲೆಕ್ಕ ಹೇಳುವಾಗ, ಆ ಆರು ವರ್ಷವನ್ನು ಕಾಯ್ದುಕೊಡುವುದೇ ಆಡಳಿತದ ಕರ್ತವ್ಯ.

ಆಗಬೇಕಾದುದು

ಮೊದಲನೆಯದಾಗಿ, ಎಣಿಕೆ ನಿಲ್ಲಬಾರದು. ಮೂರು ವರ್ಷದ ಯೋಜನೆಯ ಹಣ ಮುಗಿದಾಗ ಪುಸ್ತಕವನ್ನೂ ಮುಚ್ಚುವ ಪದ್ಧತಿ ಹೋಗಬೇಕು. ಅದೇ ಜಾಗ, ಅದೇ ಋತು, ಅದೇ ವಿಧಾನ ದಶಕಗಳ ಕಾಲ ಮುಂದುವರಿದಾಗಲೇ ಅಂಕಿಗೆ ಬೆಲೆ ಬರುತ್ತದೆ. ಎರಡನೆಯದಾಗಿ, ಲೆಕ್ಕ ದ್ವೀಪದವರ ಕೈಯಲ್ಲಿರಬೇಕು. ಟ್ಯೂನಾ ಮೀನುಗಾರರು ತಮ್ಮ ಹಿಡಿತವನ್ನು ತಾವೇ ದಾಖಲಿಸುವ ಪ್ರಯತ್ನ ಲಕ್ಷದ್ವೀಪದಲ್ಲಿ ಈಗಾಗಲೇ ನಡೆದಿದೆ. ಹವಳದ ಅಂಕಿಗಳೂ ಅವರ ಭಾಷೆಯಲ್ಲಿ, ಅವರ ಪಂಚಾಯತಿಯ ಗೋಡೆಯ ಮೇಲೆ ಕಾಣಬೇಕು. ಮೂರನೆಯದಾಗಿ, ಕಡಲನ್ನು ಮುಟ್ಟುವ ಯಾವ ಯೋಜನೆಗೂ ಅನೇಕ ವರ್ಷಗಳ ಲೆಕ್ಕವಿಲ್ಲದೆ ಒಪ್ಪಿಗೆ ಕೊಡಬಾರದು. ಹವಳ ಬಿಳಿಚಿಕೊಂಡ ವರ್ಷ ಪಾಚಿ ಮೇಯುವ ಮೀನುಗಳ ಬೇಟೆಗೆ ವಿರಾಮ ಕೊಡುವಂತಹ ನಿಯಮವನ್ನು ಮೀನುಗಾರರೊಂದಿಗೆ ಕುಳಿತು ರೂಪಿಸಬೇಕು.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಮುರುಡೇಶ್ವರದ ಎದುರಿಗೆ, ಕಡಲಿನ ನಡುವೆ ಇರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಗಿಳಿಮೀನು, ಚಿಟ್ಟೆಮೀನುಗಳೂ ಅಲ್ಲಿವೆ. ಒಂದು ಕಾಲಕ್ಕೆ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಒಳಗಾಗಿ ಪರಿಸರಾಸಕ್ತರ ವಿರೋಧಕ್ಕೆ ಕಾರಣವಾದ ಈ ದ್ವೀಪ, ಇಂದು ಮುಳುಗು ಪ್ರವಾಸಿಗರ ಆಕರ್ಷಣೆ. ಹವಳವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ ಹುಲಿ, ಆನೆಗಳ ಸಾಲಿನಲ್ಲಿ ನಿಲ್ಲಿಸಲಾಗಿದೆ. ಹುಲಿಯನ್ನು ಎಣಿಸುವ ನಾಡು ನೇತ್ರಾಣಿಯ ಹವಳವನ್ನೂ ವರ್ಷ ವರ್ಷ ಎಣಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪ್ರವಾಸಿಗರನ್ನು ಕರೆದೊಯ್ಯುವ ಮುಳುಗುಗಾರರಿಗೂ ಭಟ್ಕಳ, ಹೊನ್ನಾವರಗಳ ಕಾಲೇಜು ವಿದ್ಯಾರ್ಥಿಗಳಿಗೂ ಈ ಕೆಲಸದಲ್ಲಿ ತರಬೇತಿ ಕೊಡುವುದು ಕಷ್ಟವೇನಲ್ಲ.

1995ರಲ್ಲಿ ಡೇನಿಯಲ್ ಪಾಲಿ ಎಂಬ ಮೀನುಗಾರಿಕಾ ವಿಜ್ಞಾನಿ ಒಂದು ಮಾತನ್ನು ಮುಂದಿಟ್ಟರು. ಪ್ರತಿ ತಲೆಮಾರೂ ತಾನು ಬಾಲ್ಯದಲ್ಲಿ ಕಂಡದ್ದನ್ನೇ ಸಹಜ ಸ್ಥಿತಿಯೆಂದು ಭಾವಿಸುತ್ತದೆ, ಅದಕ್ಕೂ ಹಿಂದೆ ಕಳೆದುಹೋದುದು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. 2016ರ ನಂತರ ಹುಟ್ಟಿದ ಕವರತ್ತಿಯ ಮಗುವಿಗೆ ಶೇಕಡ 19ರ ಹವಳವೇ ತುಂಬಿದ ಕಡಲು. ಮಲೆನಾಡಿನ ಮಕ್ಕಳಿಗೂ ಬೇಸಿಗೆಯಲ್ಲಿ ಬತ್ತಿದ ಹಳ್ಳವೇ ಸಹಜವಾಗುತ್ತಿದೆ. ಅಜ್ಜ ಕಂಡ ಮೀನಿನ ಮಾತು ಬರಿಯ ಕತೆಯಾಗುತ್ತಿದೆ. ಕತೆಯನ್ನು ಯಾವ ಅಧಿಕಾರಿಯೂ ಸಾಕ್ಷಿಯೆಂದು ಒಪ್ಪುವುದಿಲ್ಲ. ದಿನಾಂಕ ಹಾಕಿ ಬರೆದಿಟ್ಟ ಅಂಕಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಆದುದರಿಂದ ಶಾಲೆಯ ಹಿಂದಿನ ಹಳ್ಳಕ್ಕೆ ಪ್ರತಿ ತಿಂಗಳು ಒಂದೇ ಜಾಗದಲ್ಲಿ ಇಳಿದು, ನೀರಿನ ಆಳವನ್ನೂ ಕಂಡ ಮೀನುಗಳನ್ನೂ ಬರೆದಿಡುವ ವಿದ್ಯಾರ್ಥಿಯು ಅಗತ್ತಿಯ ದಿಬ್ಬದ ಮೇಲೆ ಅಳತೆಪಟ್ಟಿ ಹಾಸುವವರ ಕೆಲಸವನ್ನೇ ಮಾಡುತ್ತಾನೆ. ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಅಳತೆಕೋಲು ಮತ್ತು ಮುಂದಿನ ವರ್ಷವೂ ಅದೇ ಜಾಗಕ್ಕೆ ಮರಳುವ ನಿಷ್ಠೆ. ಮುಂಗಾರು ಮುಗಿದು ಹಳ್ಳ ತಿಳಿಯಾಗುವ ಕಾರ್ತಿಕ ಮಾಸ ಮೊದಲ ಪುಟ ಬರೆಯಲು ಸರಿಯಾದ ಕಾಲ.